ಕಡಲಿಗೆ ಹೊರಟ ಶಾಲೆ

1941ನೆಯ ಇಸವಿ. ಎರಡನೆಯ ಮಹಾಯುದ್ಧವು ಉಗ್ರವಾಗಿ ನಡೆಯುತ್ತಿದ್ದ ಕಾಲ. ಬ್ರಿಟನ್ ಸುತ್ತಲೂ ಕಡಲಿರುವ ದೇಶ. ಅಲ್ಲಿನ ಜನರಿಗೆ ಬೇಕಾದ ಆಹಾರ, ಎಣ್ಣೆ, ಯುದ್ಧಸಾಮಗ್ರಿಗಳಲ್ಲಿ ಬಹುಭಾಗ ಹಡಗುಗಳ ಮೂಲಕವೇ ಬರಬೇಕಾಗಿದ್ದಿತು. ಈ ಹಡಗುಗಳನ್ನು ಮುಳುಗಿಸಿದರೆ ಬ್ರಿಟನ್ ತಾನಾಗಿಯೇ ಮಣಿಯುವುದೆಂದು ಜರ್ಮನಿಯು ಎಣಿಸಿತು. ಅದರ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಹೊಂಚುಹಾಕಿ, ಸರಕಿನ ಹಡಗುಗಳನ್ನು ಒಂದೊಂದಾಗಿ ಒಡೆದುಹಾಕುತ್ತಿದ್ದವು. ಹಡಗು ಮುಳುಗುವಾಗ ನಾವಿಕರು ಸಣ್ಣ ರಕ್ಷಣಾದೋಣಿಗಳಿಗೆ ಇಳಿಯುತ್ತಿದ್ದರು. ಆಮೇಲೆ ದಿನಗಟ್ಟಲೆ ಕೊರೆಯುವ ಗಾಳಿ, ಉಪ್ಪುನೀರಿನ ಹೊಡೆತ, ಹಸಿವು, ಬಾಯಾರಿಕೆ.

ಲಿವರ್‌ಪೂಲ್ ನಗರದ ಬ್ಲೂ ಫನಲ್ ಎಂಬ ಹಡಗು ಸಂಸ್ಥೆಯ ಪಾಲುದಾರರಲ್ಲಿ ಲಾರೆನ್ಸ್ ಹೋಲ್ಟ್ ಒಬ್ಬನು. ರಕ್ಷಣಾದೋಣಿಗಳಿಂದ ಬಂದ ಸುದ್ದಿಗಳಲ್ಲಿ ಒಂದು ಸಂಗತಿ ಅವನ ಮನಸ್ಸನ್ನು ಕಲಕಿತು. ತೋಳ್ಬಲವುಳ್ಳ ಯುವಕರು ಧೈರ್ಯಗುಂದಿ ಪ್ರಾಣ ಬಿಡುತ್ತಿದ್ದರು. ಹಳೆಯ ಹಾಯಿಹಡಗುಗಳಲ್ಲಿ ಪಳಗಿದ, ವಯಸ್ಸಾದ ನಾವಿಕರು ಬದುಕಿ ದಡ ಸೇರುತ್ತಿದ್ದರು. ಯುವಕರಿಗೆ ಕೊರತೆಯಾಗಿದ್ದುದು ದೇಹಶಕ್ತಿಯಲ್ಲ. ‘ಇಂತಹ ಕಷ್ಟವನ್ನು ಹಿಂದೆಯೂ ದಾಟಿದ್ದೇನೆ, ಇದನ್ನೂ ದಾಟಬಲ್ಲೆ’ ಎಂಬ ಅನುಭವದ ನಂಬಿಕೆ ಅವರಲ್ಲಿರಲಿಲ್ಲ. ಹೋಲ್ಟ್ ಮನಗಂಡದ್ದು ಇದನ್ನು. ಆ ನಂಬಿಕೆಯನ್ನು ಯುವಕರಲ್ಲಿ ಮೊದಲೇ ಬೆಳೆಸಲು ಸಾಧ್ಯವೇ ಎಂಬುದು ಅವನ ಮುಂದಿದ್ದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ನೀಡಬಲ್ಲವನೊಬ್ಬನು ಆಗ ಬ್ರಿಟನ್ನಿನಲ್ಲಿದ್ದನು. ಅವನೇ ಕುರ್ಟ್ ಹಾನ್. ವಿಚಿತ್ರವೆಂದರೆ, ಹಾನ್ ಜರ್ಮನಿಯವನು. 1886ರಲ್ಲಿ ಬರ್ಲಿನ್ ನಗರದ ಯಹೂದಿ ಮನೆತನವೊಂದರಲ್ಲಿ ಹುಟ್ಟಿದ ಅವನು, 1920ರಲ್ಲಿ ದಕ್ಷಿಣ ಜರ್ಮನಿಯ ಸಾಲೆಮ್ ಎಂಬಲ್ಲಿ ಒಂದು ಶಾಲೆಯ ಸ್ಥಾಪನೆಗೆ ಕಾರಣನಾಗಿದ್ದನು. 1932ರಲ್ಲಿ ಹಿಟ್ಲರನ ಅನುಯಾಯಿಗಳು ಕಾರ್ಮಿಕನೊಬ್ಬನನ್ನು ಅವನ ತಾಯಿಯ ಕಣ್ಣೆದುರಿನಲ್ಲಿಯೇ ಕೊಂದರು. ಹಿಟ್ಲರನು ಆ ಕೊಲೆಗಡುಕರ ಬೆಂಬಲಕ್ಕೆ ನಿಂತನು. ಆಗ ಹಾನ್ ತನ್ನ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದು, ಸಾಲೆಮ್ ಶಾಲೆ ಅಥವಾ ಹಿಟ್ಲರ್, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ತಿಳಿಸಿದನು. ಮರುವರ್ಷವೇ ಅವನ ಬಂಧನವಾಯಿತು. ಬ್ರಿಟನ್ನಿನ ಗಣ್ಯರ ಪ್ರಯತ್ನದಿಂದ ಬಿಡುಗಡೆ ಹೊಂದಿ ಅವನು ಆ ದೇಶವನ್ನು ಸೇರಿದನು; 1934ರಲ್ಲಿ ಸ್ಕಾಟ್ಲೆಂಡಿನ ಕಡಲತೀರದಲ್ಲಿ ಗಾರ್ಡನ್‌ಸ್ಟನ್ ಶಾಲೆಯನ್ನು ತೆರೆದನು. ಯುದ್ಧಕಾಲದಲ್ಲಿ ಆ ಶಾಲೆಯು ವೇಲ್ಸ್ ಪ್ರಾಂತಕ್ಕೆ ಸ್ಥಳಾಂತರಗೊಂಡಿತು.

ಹೊಸ ಕಾಲದ ಯುವಜನರಲ್ಲಿ ಆರು ವಿಷಯಗಳು ಕ್ಷೀಣಿಸುತ್ತಿವೆ ಎಂಬುದು ಹಾನನ ಅಭಿಪ್ರಾಯವಾಗಿದ್ದಿತು: ದೇಹದಾರ್ಢ್ಯ, ತಾನಾಗಿ ಮುನ್ನುಗ್ಗುವ ಸಾಹಸ, ನೆನಪು ಮತ್ತು ಕಲ್ಪನೆ, ಕೈಕೆಲಸದ ಕುಶಲತೆ ಮತ್ತು ಶ್ರದ್ಧೆ, ಸ್ವಯಂಶಿಸ್ತು, ಕೊನೆಯದಾಗಿ ಕರುಣೆ. ಇವುಗಳಲ್ಲಿ ಕರುಣೆಯ ನಾಶವೇ ಅತ್ಯಂತ ಭಯಂಕರವೆಂದು ಅವನು ಭಾವಿಸಿದ್ದನು. ಇದಕ್ಕೆ ಅವನು ಸೂಚಿಸಿದ ಮದ್ದುಗಳು ನಾಲ್ಕು: ಅಂಗಸಾಧನೆ, ಸಾಹಸಯಾತ್ರೆ, ಸ್ವಂತ ಕೈಯಿಂದ ಪೂರೈಸುವ ಒಂದು ಕೆಲಸ, ಅಪಾಯದಲ್ಲಿರುವವರ ರಕ್ಷಣೆ.

ಹೋಲ್ಟ್ ಮತ್ತು ಹಾನ್ ಇಬ್ಬರ ಚಿಂತನೆಯೂ ಒಂದುಗೂಡಿ, 1941ರ ಅಕ್ಟೋಬರ್ ತಿಂಗಳಿನಲ್ಲಿ ವೇಲ್ಸ್‌ನ ಅಬರ್‌ಡವಿ ಎಂಬ ಪುಟ್ಟ ಊರಿನಲ್ಲಿ ಒಂದು ಕಡಲ ಶಾಲೆ ಆರಂಭವಾಯಿತು. ಡವಿ ನದಿಯು ಕಡಲನ್ನು ಸೇರುವ ಸ್ಥಳವದು; ಮುಂದೆ ಸಮುದ್ರ, ಹಿಂದೆ ಬೆಟ್ಟಗಳ ಸಾಲು. ಶಾಲೆಗೆ ‘ಔಟ್‌ವರ್ಡ್ ಬೌಂಡ್’ ಎಂದು ಹೆಸರಿಟ್ಟವನು ಹೋಲ್ಟ್. ಬಂದರಿನ ಆಸರೆಯನ್ನು ಬಿಟ್ಟು ಹೊರಗಡಲಿಗೆ ಹೊರಟ ಹಡಗಿಗೆ ನಾವಿಕರು ಬಳಸುವ ಮಾತು ಅದು. ಬಾಲ್ಯವನ್ನು ಬಿಟ್ಟು ಬದುಕಿಗೆ ಹೊರಟ ಯುವಕನಿಗೂ ಆ ಹೆಸರು ಒಪ್ಪುವಂತಹುದು.

ಇಲ್ಲಿನ ಶಿಬಿರದ ಅವಧಿ ಸುಮಾರು ಒಂದು ತಿಂಗಳು. ಹಡಗು ಸಂಸ್ಥೆಗಳ ಯುವ ನಾವಿಕರು, ಕಾರ್ಖಾನೆಗಳಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರು, ಶಾಲಾ ವಿದ್ಯಾರ್ಥಿಗಳು ಹೀಗೆ ನಾನಾ ಬಗೆಯವರು ಅಲ್ಲಿಗೆ ಬರುತ್ತಿದ್ದರು. ಸಿರಿವಂತನ ಮಗನೂ ಕೂಲಿಯವನ ಮಗನೂ ಒಂದೇ ತಂಡದಲ್ಲಿ ಬೆರೆಯುತ್ತಿದ್ದರು. ಹಡಗಿನ ಪದ್ಧತಿಯಂತೆ ಈ ತಂಡಕ್ಕೆ ‘ವಾಚ್’ ಎಂದು ಹೆಸರು. ತಂಡದ ಹುಡುಗರಲ್ಲಿಯೇ ಒಬ್ಬನು ಅದರ ನಾಯಕ.

ಮುಂಜಾನೆ ಎದ್ದೊಡನೆ ಓಟ, ಅದರ ಬೆನ್ನಿಗೇ ತಣ್ಣೀರಿನ ಸ್ನಾನ. ವೇಲ್ಸ್‌ನ ಚಳಿಯಲ್ಲಿ ಈ ಸ್ನಾನವೇ ಮೊದಲ ಪರೀಕ್ಷೆ! ಹೊಗೆಸೊಪ್ಪು, ಮದ್ಯ ಎರಡೂ ನಿಷಿದ್ಧ. ಹಗಲೆಲ್ಲ ದೋಣಿ ನಡೆಸುವುದು, ಹಗ್ಗದ ಗಂಟುಗಳನ್ನು ಹಾಕುವುದು, ನಕ್ಷೆ ಮತ್ತು ದಿಕ್ಸೂಚಿಗಳ ಸಹಾಯದಿಂದ ದಾರಿ ಹುಡುಕುವುದು, ನೀರಿನಲ್ಲಿ ಮುಳುಗುತ್ತಿರುವವರನ್ನು ರಕ್ಷಿಸುವುದು, ಇವುಗಳ ಅಭ್ಯಾಸ. ಓಟ, ಜಿಗಿತ, ಎಸೆತಗಳಲ್ಲಿ ಪ್ರತಿಯೊಬ್ಬನೂ ಗೊತ್ತಾದ ಮಟ್ಟವನ್ನು ಮುಟ್ಟಲು ಶ್ರಮಿಸಬೇಕಾಗಿದ್ದಿತು. ಇಲ್ಲಿ ಪಕ್ಕದವನನ್ನು ಸೋಲಿಸುವುದಕ್ಕಿಂತ ತನ್ನ ದೌರ್ಬಲ್ಯವನ್ನು ಸೋಲಿಸುವುದೇ ಮುಖ್ಯ. ಓಟದಲ್ಲಿ ಚುರುಕಾದವನು ಎತ್ತರವನ್ನು ಕಂಡು ಅಂಜಬಹುದು. ಬಲಶಾಲಿಯಾದವನು ತಾಳ್ಮೆಯಲ್ಲಿ ಸೋಲಬಹುದು. ತನ್ನಲ್ಲಿ ಯಾವುದು ಕಡಿಮೆಯೆಂಬುದನ್ನು ಅರಿಯುವುದರಿಂದಲೇ ಅಲ್ಲಿ ಪಾಠವು ಆರಂಭವಾಗುತ್ತಿತ್ತು.

ಇಷ್ಟೆಲ್ಲ ಅಭ್ಯಾಸಕ್ಕೆ ಒರೆಗಲ್ಲಾಗಿದ್ದುವು ಎರಡು ಯಾತ್ರೆಗಳು. ಒಂದು ಕಡಲಿನ ಮೇಲೆ, ಇನ್ನೊಂದು ಬೆಟ್ಟಗಳ ಮೇಲೆ. ಅಬರ್‌ಡವಿಯ ಉತ್ತರಕ್ಕಿರುವ ಕ್ಯಾಡರ್ ಇಡ್ರಿಸ್ ಬೆಟ್ಟದ ಎತ್ತರ 893 ಮೀಟರು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಮುಂದೆ ಅದು ಅರ್ಧದಷ್ಟೂ ಇಲ್ಲ. ಆದರೂ ಅದನ್ನು ಹಗುರವಾಗಿ ಎಣಿಸುವಂತಿಲ್ಲ. ಕಡಲಿನಿಂದ ಏಳುವ ಮಂಜು ಅರೆಗಳಿಗೆಯಲ್ಲಿ ದಾರಿಯನ್ನು ಮುಚ್ಚುತ್ತದೆ. ಮಳೆಯಲ್ಲಿ ನೆನೆದ ಬಟ್ಟೆಗೆ ಬಿರುಗಾಳಿ ಬಡಿದಾಗ ದೇಹದ ಕಾವು ಇಳಿಯುತ್ತ ಹೋಗುತ್ತದೆ. ಕಾಲು ತಡವರಿಸುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಸಕಾಲದಲ್ಲಿ ಗಮನಿಸದಿದ್ದರೆ ಪ್ರಾಣಕ್ಕೇ ಅಪಾಯ.

ನಾಯಕತ್ವದ ನಿಜವಾದ ಅರ್ಥ ತಿಳಿಯುವುದು ಇಂತಹ ಸಂದರ್ಭದಲ್ಲಿ. ತಂಡದ ವೇಗವನ್ನು ನಿರ್ಧರಿಸಬೇಕಾದವನು ಎಲ್ಲರಿಗಿಂತ ಮುಂದೆ ನಡೆಯುವವನಲ್ಲ, ಎಲ್ಲರಿಗಿಂತ ಹಿಂದೆ ಉಳಿದವನು. ಅವನು ಏಕೆ ಹಿಂದುಳಿದನು? ಪಾದರಕ್ಷೆ ಕಚ್ಚಿ ಗಾಯವಾಗಿದೆಯೇ? ಚಳಿಯಿಂದ ನಡುಗುತ್ತಿದ್ದಾನೆಯೇ? ಅವನ ಹೊರೆಯಲ್ಲಿ ಸ್ವಲ್ಪವನ್ನು ಯಾರು ಹೊರಬಲ್ಲರು? ಮಂಜು ಕವಿದಿರುವಾಗ ಶಿಖರದತ್ತ ಸಾಗಬೇಕೇ, ಹಿಂದಿರುಗಬೇಕೇ? ಈ ಪ್ರಶ್ನೆಗಳಿಗೆ ನಾಯಕನು ಅಲ್ಲಿಯೇ, ಆಗಲೇ ಉತ್ತರ ಕಂಡುಕೊಳ್ಳಬೇಕು. ಶಿಖರವನ್ನು ಬಿಟ್ಟು ತಂಡವನ್ನು ಕ್ಷೇಮವಾಗಿ ಇಳಿಸಿ ತರುವುದಕ್ಕೆ ಕೆಲವೊಮ್ಮೆ ಹತ್ತುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ‘ಆಳಾಗಬಲ್ಲವನು ಅರಸನಾಗಬಲ್ಲ’ ಎಂಬ ನಾಣ್ಣುಡಿಯ ಸತ್ಯವು ಅಲ್ಲಿ ಮಾತಿನಿಂದಲ್ಲ, ಅನುಭವದಿಂದ ಮನದಟ್ಟಾಗುತ್ತದೆ.

ಕಷ್ಟವನ್ನು ಕೃತಕವಾಗಿ ಒಡ್ಡುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಬರಿಯ ಕಷ್ಟವು ಮನುಷ್ಯನನ್ನು ಉದ್ಧರಿಸುವುದಿಲ್ಲ. ಅದು ಕೆಲವರನ್ನು ಕುಗ್ಗಿಸಲೂಬಹುದು, ಇನ್ನು ಕೆಲವರನ್ನು ಕಠಿಣರನ್ನಾಗಿಸಲೂಬಹುದು. ಹಿಟ್ಲರನ ಆಡಳಿತವೂ ಬಾಲಕರನ್ನು ಶಿಬಿರಗಳಲ್ಲಿ ಕೂಡಿಹಾಕಿ, ಓಡಿಸಿ, ಕುಣಿಸಿ ಗಟ್ಟಿಗೊಳಿಸಿತು. ಅಲ್ಲಿಯೂ ಶಿಸ್ತಿದ್ದಿತು, ಸಹನೆಯಿದ್ದಿತು. ಆದರೆ ಅಲ್ಲಿ ಕಲಿಸಿದ್ದು ಆಜ್ಞೆಗೆ ತಲೆಬಾಗುವುದನ್ನು, ಪರರನ್ನು ದ್ವೇಷಿಸುವುದನ್ನು. ಹಾನ್ ಕಲಿಸಬಯಸಿದ್ದು ಸ್ವತಃ ನಿರ್ಧರಿಸುವುದನ್ನು, ಪರರನ್ನು ರಕ್ಷಿಸುವುದನ್ನು. ಎರಡೂ ಕಡೆ ಬೆವರು ಒಂದೇ. ಬೆವರಿನ ಉದ್ದೇಶ ಬೇರೆ. ರಕ್ಷಣೆಯ ಅಭ್ಯಾಸವನ್ನೂ ನೆರೆಹೊರೆಯವರ ಸೇವೆಯನ್ನೂ ಅಬರ್‌ಡವಿಯ ಶಿಬಿರದಲ್ಲಿ ಸೇರಿಸಿದ್ದರ ಮರ್ಮ ಇದೇ.

ಯುದ್ಧ ಮುಗಿದರೂ ಶಾಲೆಯ ಕೆಲಸ ಮುಗಿಯಲಿಲ್ಲ. ಬದುಕಿನಲ್ಲಿ ರಕ್ಷಣಾದೋಣಿಗಳು ಕಡಲಿನ ಮೇಲೆ ಮಾತ್ರ ಇರುವುದಿಲ್ಲವಷ್ಟೆ! 1946ರಲ್ಲಿ ಔಟ್‌ವರ್ಡ್ ಬೌಂಡ್ ಟ್ರಸ್ಟ್ ಸ್ಥಾಪನೆಯಾಯಿತು. 1950ರಲ್ಲಿ ಇಂಗ್ಲೆಂಡಿನ ಎಸ್ಕ್‌ಡೇಲ್ ಎಂಬಲ್ಲಿ ಬೆಟ್ಟದ ಶಾಲೆ ತೆರೆಯಿತು. ಮರುವರ್ಷ ಹುಡುಗಿಯರಿಗಾಗಿ ಮೊದಲ ಶಿಬಿರ ನಡೆಯಿತು. ಕ್ರಮೇಣ ಈ ಶಾಲೆಗಳು ಹಲವು ಖಂಡಗಳಿಗೆ ಹಬ್ಬಿದವು. ಹಾನ್ 1974ರಲ್ಲಿ ತೀರಿಕೊಂಡನು.

ಭಾರತದಲ್ಲಿಯೂ ಯುವಜನರ ಸಾಹಸಶಿಕ್ಷಣವು ತನ್ನದೇ ಹಾದಿಯಲ್ಲಿ ಬೆಳೆದಿದೆ. ಎವರೆಸ್ಟ್ ವಿಜಯದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣ ಸಂಸ್ಥೆಯು ಸ್ಥಾಪನೆಯಾದಾಗ ತೇನ್ಸಿಂಗನು ಅಲ್ಲಿನ ಕ್ಷೇತ್ರ ತರಬೇತಿಯ ನಿರ್ದೇಶಕನಾದನು. 1965ರಲ್ಲಿ ಉತ್ತರಕಾಶಿಯಲ್ಲಿ ಇಂತಹುದೇ ಇನ್ನೊಂದು ಸಂಸ್ಥೆ ಹುಟ್ಟಿತು. 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ತರಬೇತಿ ಪಡೆದದ್ದು ಅಲ್ಲಿಯೇ. ಅಲ್ಲಿಯೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವವರಲ್ಲಿ ಒಬ್ಬನು ಜಾರಿದರೆ ಉಳಿದವರು ಅವನನ್ನು ತಡೆದು ನಿಲ್ಲಿಸಬೇಕು.

ಶಿಬಿರ ಮುಗಿದು ಮನೆಗೆ ಮರಳುವ ಹುಡುಗನ ತೋಳಿನ ಬಲ ಒಂದು ತಿಂಗಳಿನಲ್ಲಿ ಬಹಳವೇನೂ ಹೆಚ್ಚುವುದಿಲ್ಲ. ಹೆಚ್ಚಿದ ಅಷ್ಟಿಷ್ಟು ಬಲವೂ ಅಭ್ಯಾಸ ತಪ್ಪಿದರೆ ಕುಂದುತ್ತದೆ. ಆದರೆ ಎರಡು ಸಂಗತಿಗಳು ಅವನ ಜೊತೆಯಲ್ಲಿ ಉಳಿಯುತ್ತವೆ. ಇನ್ನು ಒಂದು ಹೆಜ್ಜೆಯನ್ನೂ ಇಡಲಾರೆನೆಂದು ಅನಿಸಿದ ಮೇಲೂ ನಡೆದ ದಾರಿಯ ನೆನಪು ಒಂದು. ಆ ದಾರಿಯಲ್ಲಿ ತನ್ನ ಹೊರೆಯನ್ನು ಹಂಚಿಕೊಂಡ ಗೆಳೆಯನ ನೆನಪು ಇನ್ನೊಂದು. ಮುಂದೊಂದು ದಿನ ಬಿರುಗಾಳಿ ಎದ್ದಾಗ ಅವನನ್ನೂ ಅವನ ಜೊತೆಗಾರರನ್ನೂ ದಡ ಸೇರಿಸಬಲ್ಲವು ಈ ಎರಡು ನೆನಪುಗಳೇ.