ಅಟ್ಟದ ಕಾಯಿ, ಅಂಗಳದ ಸಾಲು

ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ನನ್ನ ಸೋದರಮಾವನವರ ತೋಟವಿದೆ. ತೋಟವೆಂದರೆ ಹೆಚ್ಚೇನೂ ಅಲ್ಲ, ಎರಡೂವರೆ ಎಕರೆ. ಚಿಕ್ಕವನಾಗಿದ್ದಾಗ ಬೇಸಗೆಯ ರಜಕ್ಕೆ ಅಲ್ಲಿಗೆ ಹೋದರೆ ನನ್ನನ್ನು ಮೊದಲು ಸೆಳೆಯುತ್ತಿದ್ದುದು ತೋಟವಲ್ಲ, ಮನೆಯ ಅಟ್ಟ. ಏಣಿ ಹತ್ತಿ ತಲೆ ಹಾಕಿದರೆ ಅರೆಗತ್ತಲಲ್ಲಿ ಸಾವಿರಾರು ಕಾಯಿಗಳು ಒಂದರಮೇಲೊಂದು ಮಲಗಿರುತ್ತಿದ್ದುವು. ಮಾವ ಒಂದನ್ನೆತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುವರು. ನೀರು ಕುಲುಕಿದರೆ ಮತ್ತೆ ಅದರ ಸ್ಥಾನಕ್ಕೆ. ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಒಳಗೆ ಗಿಟುಕು ಲೊಡಲೊಡನೆ ಉರುಳಿದರೆ ಮಾತ್ರ ಕೆಳಕ್ಕೆ.

ಈ ಸೀಮೆಯ ಉಂಡೆ ಕೊಬ್ಬರಿಯ ಗುಟ್ಟೆಲ್ಲ ಇಷ್ಟೆ. ಮರದಲ್ಲಿ ಬಲಿಯುವುದಕ್ಕೆ ಒಂದು ವರ್ಷ, ಅಟ್ಟದಲ್ಲಿ ಒಣಗುವುದಕ್ಕೆ ಹೆಚ್ಚುಕಡಿಮೆ ಇನ್ನೊಂದು ವರ್ಷ. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಉಂಡೆಗೆ ಪೆಟ್ಟಾಗದಂತೆ ಚಿಪ್ಪನ್ನು ಒಡೆದು ತೆಗೆಯಬೇಕು. ಅದು ಪಳಗಿದ ಕೈಗಳ ಕೆಲಸ. ಹಾಗೆ ಹೊರಬಂದ ಉಂಡೆ ತಿಪಟೂರಿನ ಮಾರುಕಟ್ಟೆಯನ್ನು ಹಾದು, ಉತ್ತರ ಹಿಂದೂಸ್ಥಾನದ ಮದುವೆ ಮುಂಜಿಗಳಿಗೂ ಹಬ್ಬಗಳಿಗೂ ಹೋಗುತ್ತದೆ. ಹೀಗೆ ಎರಡು ವರ್ಷ ಕಾಯಬಲ್ಲ ರೈತನಿಗೆ ಇನ್ನೇನಿಲ್ಲದಿದ್ದರೂ ತಾಳ್ಮೆಯೊಂದಿರಬೇಕು. ತಾಳ್ಮೆಗೆ ಬೇರು ನಂಬಿಕೆ: ಇಂದು ಅಟ್ಟಕ್ಕೇರಿಸಿದ್ದಕ್ಕೆ ನಾಳೆ ಕೆಳಗೆ ನ್ಯಾಯವಾದ ಬೆಲೆಯಿದೆಯೆಂಬ ನಂಬಿಕೆ.

ಹಿಂದಿನ ಕಾಲದಲ್ಲಿ ಆ ನ್ಯಾಯ ತಾನಾಗಿ ಸಿಗುತ್ತಿತ್ತೆಂದು ನಾನು ಹೇಳಲಾರೆ. ನಮ್ಮ ದೇಶದ ಎಷ್ಟೋ ಮಂಡಿಗಳಲ್ಲಿ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಮಾಲು ತಂದವನು ಪಕ್ಕದಲ್ಲೇ ನಿಂತು ಬೆಪ್ಪಾಗಿ ನೋಡುತ್ತಿದ್ದ. ಇಂಥ ಚಾಳಿಗಳನ್ನು ನಿಲ್ಲಿಸಲೆಂದೇ ಮೈಸೂರು ಸಂಸ್ಥಾನ 1939ರಲ್ಲಿ ಮಾರುಕಟ್ಟೆಯ ಶಾಸನ ಮಾಡಿತು. 1966ರಲ್ಲಿ ರಾಜ್ಯಕ್ಕೆಲ್ಲ ಒಂದೇ ಕಾಯಿದೆ ಬಂತು. ಅದಕ್ಕೂ ಮೊದಲು, 1905ರಲ್ಲೇ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿಸಿದ್ದರು. 1958ರ ಗಾಂಧೀಜಯಂತಿಯಂದು ಹುಟ್ಟಿದ ನಾಫೆಡ್ಡು ಕೂಡ ಸಹಕಾರಿ ಮಾರಾಟದ ಸಂಸ್ಥೆಯೇ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಗೊತ್ತುಮಾಡುವುದು, ಪೇಟೆಯ ಧಾರಣೆ ಅದಕ್ಕಿಂತ ಕೆಳಗೆ ಬಿದ್ದಾಗ ನಾಫೆಡ್ಡಿನ ಪರವಾಗಿ ಕೊಬ್ಬರಿ ಕೊಳ್ಳುವುದು, ಹೀಗೆ ಕಾಗದದಮೇಲೆ ಏರ್ಪಾಡು ಅಚ್ಚುಕಟ್ಟಾಗಿದೆ. ಬೀಳುವವನಿಗೆ ಕೆಳಗೊಂದು ಬಲೆ ಹಿಡಿದಂತೆ.

2023ರಲ್ಲಿ ಕೊಬ್ಬರಿ ಬಿದ್ದೇಬಿಟ್ಟಿತು. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ; ಪೇಟೆಯ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. ಮರುವರ್ಷ ಬೆಂಬಲ ಬೆಲೆ 12,000 ಆಯಿತು. ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಸಾರಿತು. ಕರ್ನಾಟಕದಿಂದ 62,500 ಮೆಟ್ರಿಕ್ ಟನ್ ಕೊಳ್ಳುವುದೆಂದು ಗೊತ್ತಾಯಿತು. ಮಾವ ಹುಮ್ಮಸ್ಸಿನಿಂದ ಕೂಲಿಯವರನ್ನು ಕರೆಸಿ ಅಟ್ಟದ ಕಾಯಿಯನ್ನೆಲ್ಲ ಇಳಿಸಿ ಒಡೆಸಿದರು. ಒಡೆಸಿದ ಮೇಲೆ ಕೂಲಿ ಕೊಡಬೇಕಷ್ಟೆ. ಮೊಮ್ಮಗಳ ಕಾಲೇಜಿನ ಫೀಜೂ ಅದೇ ತಿಂಗಳಿಗೆ ಬಂದು ನಿಂತಿತ್ತು.

ಫೆಬ್ರುವರಿಯ ಆ ರಾತ್ರಿ ನಾನೂ ಅವರೊಡನೆ ಹೋಗಿದ್ದೆ. ಯಾವ ಕೇಂದ್ರವೆಂಬುದು ಬೇಡ. ಎಲ್ಲ ಕಡೆಯೂ ಕಥೆ ಹೆಚ್ಚುಕಡಿಮೆ ಒಂದೇ. ಅಂಗಳದಲ್ಲಿ ಮನುಷ್ಯರಿಗಿಂತ ಚಪ್ಪಲಿಗಳೇ ಹೆಚ್ಚು ನಿಂತಿದ್ದುವು. ಚಪ್ಪಲಿ, ಕಲ್ಲು, ಚೀಲ, ಒಂದು ಕಡೆ ಹಳೆಯ ಕೊಡೆ, ಎಲ್ಲವೂ ಒಬ್ಬೊಬ್ಬ ರೈತನ ಪ್ರತಿನಿಧಿಗಳಾಗಿ ಸಾಲುಗಟ್ಟಿದ್ದುವು. ಒಡೆಯರು ಗೋಡೆಗೊರಗಿ ತೂಕಡಿಸುತ್ತಿದ್ದರು. ಮಾವನ ಕೈಯಲ್ಲಿ ಪಹಣಿ, ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ. ಮಂಜಿಗೆ ನೆನೆಯದಿರಲೆಂದು ಅದನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದರು.

"ನೀವು ಮಲಗಿ ಮಾವ, ಸಾಲು ನಾನು ನೋಡಿಕೊಳ್ಳುತ್ತೇನೆ" ಎಂದೆ.

"ನಿದ್ದೆ ಎಲ್ಲಿ ಬತ್ತದಪ್ಪ. ಎರಡು ವರ್ಷ ಕಾದೋನಿಗೆ ಒಂದು ರಾತ್ರಿ ಏನು ಮಹಾ" ಎಂದರು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸಾಲು ಅಷ್ಟಿಷ್ಟು ಸರಿದು ನಿಂತಿತು. ಯಂತ್ರ ಕೆಲಸ ಮಾಡುತ್ತಿಲ್ಲವೆಂದರು, ಮಾಡುತ್ತಿದೆಯೆಂದರು, ಮತ್ತೆ ಇಲ್ಲವೆಂದರು. ಕೆಲವೇ ದಿನಗಳಲ್ಲಿ, ನಿಗದಿಯಾದ ಪ್ರಮಾಣ ಮುಗಿದುಹೋಯಿತು, ನೋಂದಣಿ ನಿಂತಿತು ಎಂಬ ಸುದ್ದಿ ಬಂತು. ಮುಗಿದದ್ದಾದರೂ ಯಾರ ಹೆಸರಿನಲ್ಲಿ? ಅಂಗಳದಲ್ಲಿ ನಿಂತವರ ಹೆಸರಂತೂ ಪಟ್ಟಿಯಲ್ಲಿರಲಿಲ್ಲ. ಅಕ್ರಮದ ದೂರುಗಳು ಎಲ್ಲೆಡೆಯಿಂದ ಎದ್ದುವು. ಸರ್ಕಾರ ಆ ನೋಂದಣಿಯನ್ನೇ ರದ್ದುಪಡಿಸಿ ಮಾರ್ಚಿಯಲ್ಲಿ ಹೊಸದಾಗಿ ನಡೆಸಿತು. ತಪ್ಪಾಯಿತೆಂದು ಒಪ್ಪಿ ತಿದ್ದಿಕೊಂಡದ್ದು ಒಳ್ಳೆಯದೇ. ಅದನ್ನು ಹೇಳದಿದ್ದರೆ ನನ್ನ ಲೆಕ್ಕವೂ ಕಳ್ಳಲೆಕ್ಕವಾದೀತು. ಆದರೆ ಮಾರ್ಚಿ ಬರುವಷ್ಟರಲ್ಲಿ ಮಾವನ ಕೊಬ್ಬರಿ ಪೇಟೆಯ ಬೆಲೆಗೆ ಹೋಗಿಯಾಗಿತ್ತು. ಕೂಲಿ ಕಾಯುವುದಿಲ್ಲ, ಫೀಜು ಕಾಯುವುದಿಲ್ಲ. ದುಡ್ಡಿದ್ದವರು ಮಾತ್ರ ಎರಡನೆಯ ಸಲದ ತನಕ ಕಾದರು. ಬಲೆಯನ್ನು ಹಿಡಿದದ್ದು ಯಾರಿಗಾಗಿ, ಅದರಲ್ಲಿ ಕ್ಷೇಮವಾಗಿ ಬಿದ್ದವರು ಯಾರು ಎಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ಆ ಚಳಿಗಾಲದಲ್ಲೇ ದೂರದ ಇಂಗ್ಲೆಂಡಿನಿಂದ ಬಂದ ಒಂದು ಸುದ್ದಿಯನ್ನು ನಾನು ಪತ್ರಿಕೆಗಳಲ್ಲಿ ಓದಿ ಬೆರಗಾಗಿದ್ದೆ. ನಮ್ಮ ಕಚೇರಿಗಳಿಗೆಲ್ಲ ಮೇಲ್ಪಂಕ್ತಿ ಹಾಕಿಕೊಟ್ಟ ದೇಶ ಅದು. ಅಂಚೆಯಂತೂ ಅವರ ಹೆಮ್ಮೆಯ ಸಂಸ್ಥೆ. ಅಂಥಲ್ಲಿ 1999ರಿಂದ ಮುಂದಕ್ಕೆ, ಹೊರೈಜನ್ ಎಂಬ ಗಣಕಯಂತ್ರದ ಲೆಕ್ಕದಲ್ಲಿ ಹಣ ಕಡಮೆ ತೋರಿತೆಂದು ಸಣ್ಣ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಮಂದಿ ಕಳ್ಳರೆನಿಸಿಕೊಂಡರು. ಕೆಲವರು ಸೆರೆಮನೆ ಕಂಡರು. ದೋಷವಿದ್ದದ್ದು ಯಂತ್ರದಲ್ಲಿ. 2024ರ ಜನವರಿಯಲ್ಲಿ ದೂರದರ್ಶನದಲ್ಲಿ ಬಂದ ಒಂದು ನಾಟಕ ದೇಶವನ್ನೇ ಕಲಕಿದ ಮೇಲೆ, ಮೇ ತಿಂಗಳಿನಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಆ ಶಿಕ್ಷೆಗಳನ್ನು ಅಳಿಸಿತು. ಅಲ್ಲಿ ಯಂತ್ರವೇ ತಪ್ಪಿತು. ಇಲ್ಲಿ ದೂರು ಬಂದದ್ದು ಯಂತ್ರದ ಹಿಂದಿನ ಕೈಗಳ ಮೇಲೆ. ಎರಡೂ ಒಂದೇ ಎನ್ನುವುದು ಸರಿಯಲ್ಲ. ಆದರೆ ಮೇಜಿನ ಆಚೆಗಿನ ಪಟ್ಟಿಯ ಮಾತೇ ನಿಜ, ಈಚೆಗೆ ನಿಂತ ಮನುಷ್ಯನ ಮಾತು ಸುಳ್ಳು ಎಂಬ ಧೋರಣೆ ಎರಡು ಕಡೆಯೂ ಒಂದೇ. ಈ ಮಾತನ್ನು ಮಾವನಿಗೆ ಹೇಳಿದಾಗ, "ಅವರದ್ದೂ ಹಂಗೇನಾ?" ಎಂದರು. ದೊರೆಗಳ ದೇಶದ ಗತಿ ಕೇಳಿ ಅವರಿಗೆ ಸಮಾಧಾನವಾಯಿತೋ ವ್ಯಸನವಾಯಿತೋ ತಿಳಿಯಲಿಲ್ಲ.

2025ರಲ್ಲಿ ಕಾಲ ಮಗುಚಿತು. ತಿಪಟೂರಿನಲ್ಲಿ ಕ್ವಿಂಟಲಿನ ಧಾರಣೆ ಇಪ್ಪತ್ತು ಸಾವಿರವನ್ನು ದಾಟಿತು. ಬೆಂಬಲ ಬೆಲೆ 12,100. ಅದನ್ನು ಕೇಳುವವರೇ ಇರಲಿಲ್ಲ. ಚಪ್ಪಲಿಗಳ ಸಾಲಿನ ಮಾತನ್ನೂ ಜನ ಮರೆತರು. ಏರಿದ ಬೆಲೆ ಹುಳುಕನ್ನು ಮುಚ್ಚುವಷ್ಟು ಚೆನ್ನಾಗಿ ಇನ್ನಾವುದೂ ಮುಚ್ಚಲಾರದು. ಕಾಯಿ ಕಡಮೆಯಾದ್ದರಿಂದ ಬಂದ ಬೆಲೆ ಅದು ಎಂಬುದನ್ನು ತೋಟದವರು ಬಲ್ಲರು. ಬಿಳಿನೊಣ, ಕಪ್ಪುತಲೆ ಹುಳು, ಬಿಸಿಲು ಎಲ್ಲ ಸೇರಿ ಗರಿಗಳನ್ನು ತಿಂದಿದ್ದುವು.

ಆ ವರ್ಷ ಊರಿಗೆ ಹೋದಾಗ ಹಳೆಯ ಅಭ್ಯಾಸದಿಂದ ಏಣಿ ಹತ್ತಿದೆ. ಅಟ್ಟ ಬರಿದಾಗಿತ್ತು. ಮಾವ ಮರದಲ್ಲಿದ್ದುದನ್ನು ಎಳನೀರಿಗೇ ಕೊಟ್ಟುಬಿಟ್ಟಿದ್ದರು.

"ಇಷ್ಟು ಬೆಲೆಯಿರುವಾಗ ಒಂದಷ್ಟನ್ನು ಕೊಬ್ಬರಿಗೆ ಇಡಬಹುದಿತ್ತಲ್ಲ ಮಾವ?"

"ಯಾರನ್ನು ನಂಬಿ ಇಡಲಪ್ಪ? ಎಳನೀರಿನೋನು ಮರದ ಬುಡದಲ್ಲೇ ದುಡ್ಡು ಎಣಿಸ್ತಾನೆ."

ಇಳಿಯುವಾಗ ಮೂಲೆಯಲ್ಲಿ ಯಾವಾಗಲೋ ಉಳಿದುಹೋಗಿದ್ದ ಒಂದು ಕಾಯಿ ಕೈಗೆ ಸಿಕ್ಕಿತು. ಕೆಳಗೆ ತಂದುಕೊಟ್ಟೆ. ಮಾವ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ಗಿಟುಕು ಉರುಳುವ ಸದ್ದು ನನಗೂ ಕೇಳಿಸಿತು.