ಸರ್ಕಾರದ ಕಾಸಿಗೆ ತಂಪು ಪಾನೀಯ: ಬೇಕೆ, ಬೇಡವೆ?

ಬಡ ಕುಟುಂಬವೊಂದಕ್ಕೆ ಊಟದ ಖರ್ಚಿಗೆಂದು ಸರ್ಕಾರ ತಿಂಗಳು ತಿಂಗಳು ಒಂದಿಷ್ಟು ಹಣ ಕೊಡುತ್ತದೆ ಎಂದುಕೊಳ್ಳಿ. ಆ ಮನೆಯ ತಾಯಿ ಅಂಗಡಿಗೆ ಹೋಗಿ ಹಾಲು, ಮೊಟ್ಟೆ, ಬ್ರೆಡ್ ತೆಗೆದುಕೊಳ್ಳುತ್ತಾಳೆ. ಜೊತೆಗೆ ಎರಡು ಲೀಟರಿನ ತಂಪು ಪಾನೀಯದ ಬಾಟಲಿಯೂ ಬುಟ್ಟಿಗೆ ಬೀಳುತ್ತದೆ. 'ನಾವು ಕಟ್ಟುವ ತೆರಿಗೆಯಲ್ಲಿ ಇದೂ ಬೇಕೆ?' ಎಂದು ಹಿಂದೆ ನಿಂತ ಒಬ್ಬರು ಗೊಣಗುತ್ತಾರೆ. 'ಬಡವರ ಮಕ್ಕಳಿಗೆ ಬಾಯಿರುಚಿ ಇರಬಾರದೆ?' ಎಂದು ಇನ್ನೊಬ್ಬರು ಕೇಳುತ್ತಾರೆ. ನೀವು ಯಾರ ಕಡೆ?

ಈ ವಾದ ಈಗ ಜೋರಾಗಿ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ ನಮ್ಮ ನ್ಯಾಯಬೆಲೆ ಅಂಗಡಿಯಂಥ ವ್ಯವಸ್ಥೆ ಇಲ್ಲ. ಹಿಂದೆ 'ಫುಡ್ ಸ್ಟ್ಯಾಂಪ್' ಎನ್ನುತ್ತಿದ್ದ, 2008ರಿಂದ 'ಸ್ನ್ಯಾಪ್' ಎಂದು ಕರೆಯುವ ಯೋಜನೆಯಲ್ಲಿ ಹಣವನ್ನು ಒಂದು ಕಾರ್ಡಿಗೆ ತುಂಬುತ್ತಾರೆ. 2024ರಲ್ಲಿ ಸುಮಾರು 4 ಕೋಟಿ 17 ಲಕ್ಷ ಜನ ಇದರ ನೆರವು ಪಡೆದರು. ತಲೆಗೆ ತಿಂಗಳಿಗೆ ಸರಾಸರಿ 187 ಡಾಲರ್, ಅಂದರೆ ದಿನಕ್ಕೆ ಆರು ಡಾಲರಿಗಿಂತ ತುಸು ಹೆಚ್ಚು. ಈ ಕಾರ್ಡಿಗೆ ಮದ್ಯ, ತಂಬಾಕು, ಸಾಬೂನು, ಔಷಧ ಸಿಗುವುದಿಲ್ಲ. ತಂಪು ಪಾನೀಯ, ಮಿಠಾಯಿ ಮಾತ್ರ ಮೊದಲಿನಿಂದಲೂ ಸಿಗುತ್ತಿದ್ದವು.

ಅವುಗಳನ್ನು ತಡೆಯುವ ಯೋಚನೆ ಹೊಸದಲ್ಲ. 1964ರಲ್ಲಿ ಕಾನೂನು ಮಾಡುವಾಗಲೇ ಈ ಮಾತು ಬಂದು ಬಿದ್ದುಹೋಗಿತ್ತು. 2004ರಲ್ಲಿ ಮಿನ್ನೆಸೋಟಾ ರಾಜ್ಯವೂ 2010ರಲ್ಲಿ ನ್ಯೂಯಾರ್ಕ್ ನಗರವೂ ಅನುಮತಿ ಕೇಳಿದಾಗ ಕೇಂದ್ರದ ಕೃಷಿ ಇಲಾಖೆ ಒಪ್ಪಲಿಲ್ಲ. 2025ರಲ್ಲಿ ಗಾಳಿ ತಿರುಗಿತು. ಮೇ ತಿಂಗಳಲ್ಲಿ ನೆಬ್ರಾಸ್ಕಾಕ್ಕೆ ಮೊದಲ ಒಪ್ಪಿಗೆ ಸಿಕ್ಕಿತು. ವರ್ಷ ಮುಗಿಯುವುದರೊಳಗೆ ಒಪ್ಪಿಗೆ ಪಡೆದ ರಾಜ್ಯಗಳು 18 ಆದವು. 2026ರ ಜನವರಿ 1ರಂದು ಐದು ರಾಜ್ಯಗಳಲ್ಲಿ ನಿರ್ಬಂಧ ಜಾರಿಗೆ ಬಂತು.

ಸಕ್ಕರೆಯ ಲೆಕ್ಕ

ವೈದ್ಯಕೀಯವಾಗಿ ನೋಡಿದರೆ ತಂಪು ಪಾನೀಯದ ಪರ ಹೇಳಲು ಏನೂ ಇಲ್ಲ. 355 ಮಿ.ಲೀ.ನ ಒಂದು ಡಬ್ಬಿ ಕೋಲಾದಲ್ಲಿ ಸುಮಾರು 39 ಗ್ರಾಂ ಸಕ್ಕರೆ ಇರುತ್ತದೆ. ಹತ್ತಿರ ಹತ್ತಿರ ಹತ್ತು ಟೀ ಚಮಚ! ಹೊರಗಿನಿಂದ ಸೇರಿಸುವ ಸಕ್ಕರೆ ವಯಸ್ಕರಿಗೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ. ಅಷ್ಟು ಕ್ಯಾಲೊರಿ ಒಳಗೆ ಹೋದರೂ ಊಟ ಕಡಿಮೆಯಾಗುವುದಿಲ್ಲ. ದಿನವೂ ಹೀಗಾದರೆ ಬೊಜ್ಜು, ಹುಳುಕು ಹಲ್ಲು, ಯಕೃತ್ತಿನಲ್ಲಿ ಕೊಬ್ಬು, ಮಧುಮೇಹ ಒಂದರ ಹಿಂದೆ ಒಂದು ಬರುತ್ತವೆ. 'ಊಟಕ್ಕೆಂದು ಕೊಟ್ಟ ಹಣ ರೋಗಕ್ಕೆ ಹೋಗಬಾರದು, ಆ ರೋಗದ ಚಿಕಿತ್ಸೆಗೂ ಸರ್ಕಾರವೇ ಹಣ ಕೊಡಬೇಕಾಗುತ್ತದೆ' ಎನ್ನುವವರ ಮಾತಿನಲ್ಲಿ ತಥ್ಯವಿದೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ದೊಡ್ಡ ಅಂಗಡಿಸಾಲೊಂದರ 2011ರ ಮಾರಾಟದ ಲೆಕ್ಕವನ್ನು ಅಲ್ಲಿನ ಕೃಷಿ ಇಲಾಖೆ ಪರಿಶೀಲಿಸಿತು. ನೆರವು ಪಡೆಯುವ ಕುಟುಂಬಗಳು ದಿನಸಿಯ ಪ್ರತಿ ನೂರು ಡಾಲರಿನಲ್ಲಿ ತಂಪು ಪಾನೀಯಕ್ಕೆ ಖರ್ಚು ಮಾಡಿದ್ದು ಐದು ಡಾಲರಿಗಿಂತ ಸ್ವಲ್ಪ ಹೆಚ್ಚು. ಉಳಿದವರು ಖರ್ಚು ಮಾಡಿದ್ದು ನಾಲ್ಕು. ಅಂದರೆ ಇದು ಬಡವರದೊಂದೇ ಚಟವಲ್ಲ, ಊರಿಗೆಲ್ಲ ಅಂಟಿದ ಚಟ. ಅಲ್ಲದೆ ಕಾರ್ಡಿನ ಹಣ ಬಹಳ ಮನೆಗಳಲ್ಲಿ ತಿಂಗಳ ಕೊನೆಯವರೆಗೆ ಬರುವುದೇ ಇಲ್ಲ. ಕೈಯಿಂದಲೂ ಹಾಕಬೇಕು. ಕಾರ್ಡಿಗೆ ಸಿಗದ ಬಾಟಲಿ ಆ ಹಣದಲ್ಲಿ ಬರುತ್ತದೆ. ಇನ್ನು ಯಾವುದು ಮಿಠಾಯಿ, ಯಾವುದು ತಿಂಡಿ ಎಂದು ಗೆರೆ ಎಳೆಯುವುದೂ ಸುಲಭವಲ್ಲ. ಅಯೋವಾ ರಾಜ್ಯದ ತೆರಿಗೆ ನಿಯಮದಂತೆ ಹಿಟ್ಟು ಬೆರೆತಿದ್ದರೆ ಅದು 'ಮಿಠಾಯಿ'ಯೇ ಅಲ್ಲ!

ಪರೀಕ್ಷೆ ಮಾಡಿದಾಗ

ಹಾಗಾದರೆ ಯಾವುದು ಸರಿ? ವಾದ ಬಿಟ್ಟು ಪರೀಕ್ಷೆ ಮಾಡಿದವರೂ ಇದ್ದಾರೆ. ಮ್ಯಾಸಚೂಸೆಟ್ಸ್‌ನ ಹ್ಯಾಂಪ್ಡೆನ್ ಕೌಂಟಿಯಲ್ಲಿ 2011–12ರಲ್ಲಿ ನಡೆದ ಪ್ರಯೋಗದಲ್ಲಿ ಯಾವುದನ್ನೂ ತಡೆಯಲಿಲ್ಲ. ಹಣ್ಣು ತರಕಾರಿಗೆ ಒಂದು ಡಾಲರ್ ಖರ್ಚು ಮಾಡಿದವರಿಗೆ 30 ಸೆಂಟ್ ಮರಳಿ ಕೊಟ್ಟರು, ಅಷ್ಟೆ. ಅವರು ಉಳಿದವರಿಗಿಂತ ಸುಮಾರು ಕಾಲುಭಾಗದಷ್ಟು ಹೆಚ್ಚು ಹಣ್ಣು ತರಕಾರಿ ತಿಂದರು.

ಮಿನ್ನೆಸೋಟಾದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಡಿಮೆ ಆದಾಯದ 279 ಜನರನ್ನು ನಾಲ್ಕು ಗುಂಪು ಮಾಡಿ 12 ವಾರ ಊಟದ ಹಣ ಕೊಟ್ಟರು. ಒಂದು ಗುಂಪಿಗೆ ಹಣ್ಣು ತರಕಾರಿಗೆ ಪ್ರೋತ್ಸಾಹಧನ. ಇನ್ನೊಂದಕ್ಕೆ ಸಿಹಿ ಪಾನೀಯ, ಸಿಹಿ ಬೇಕರಿ ತಿನಿಸು, ಮಿಠಾಯಿಗೆ ತಡೆ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ಸುಧಾರಿಸಿದ್ದು ಎರಡನ್ನೂ ಪಡೆದ ಗುಂಪಿನ ಊಟ. ಬರಿಯ ತಡೆಯಿಂದ ಅಥವಾ ಬರಿಯ ಪ್ರೋತ್ಸಾಹದಿಂದ ಆದ ಲಾಭ ಕಡಿಮೆ.

ಇದರ ಪಾಠ ಸರಳ. ಬೇಡದ್ದನ್ನು ಬುಟ್ಟಿಯಿಂದ ತೆಗೆದ ಮಾತ್ರಕ್ಕೆ ಬೇಕಾದ್ದು ತಾನಾಗಿ ತಟ್ಟೆಗೆ ಬರುವುದಿಲ್ಲ. ಒಂದು ಕೈ ತಡೆದರೆ ಇನ್ನೊಂದು ಕೈ ಕೊಡಬೇಕು.

ನಮ್ಮ ಪಡಿತರ ಚೀಲ

'ಇದು ಅಮೆರಿಕದ ಮಾತು, ನಮಗೇಕೆ?' ಎನ್ನಬೇಡಿ. ನಮ್ಮಲ್ಲಿ ಪಡಿತರ ಎಂದರೆ ಸರ್ಕಾರ ಆರಿಸಿಕೊಟ್ಟದ್ದು. ಅಲ್ಲಿ ಕೋಲಾ ಇಲ್ಲ, ನಿಜ. ಹಾಗೆಂದು ಊಟ ಸಮತೋಲನವಾಯಿತೆ? ರಾಶಿ ಬಿಳಿ ಅನ್ನಕ್ಕೆ ತಿಳಿಸಾರು ಹುಯ್ದು ಉಂಡರೆ ಹಸಿವು ಹೋಗುತ್ತದೆ. ಆದರೆ ಪ್ರೋಟೀನ್, ಕಬ್ಬಿಣದ ಅಂಶ ಸಾಲದೆ ರಕ್ತಹೀನತೆ ಉಳಿಯುತ್ತದೆ. ರಕ್ತದಲ್ಲಿ ಸಕ್ಕರೆಯೂ ಏರುತ್ತದೆ.

2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ರಾಜ್ಯ ಸರ್ಕಾರ ತಲೆಗೆ 170 ರೂಪಾಯಿ ಕೊಡಲು ಶುರುಮಾಡಿದ್ದು ನಿಮಗೆ ನೆನಪಿರಬಹುದು. ಹಣ ಕೊಟ್ಟರೆ ಬೇಳೆ ತರಕಾರಿಗೆ ಹೋಗುತ್ತದೆಯೋ, ಹಾಳಾಗುತ್ತದೆಯೋ? ಪ್ರಶ್ನೆ ಅದೇ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ ಬಂತು. ಅದೇ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಉಪ್ಪು, ಸಕ್ಕರೆ ಇರುವ ಆಹಾರ ಕಿಟ್ ಕೊಡಲು ಸಚಿವ ಸಂಪುಟ ತೀರ್ಮಾನಿಸಿತು. ಬೇಳೆ ಸೇರಿದ್ದು ಬಹಳ ಒಳ್ಳೆಯದು. ಸಕ್ಕರೆಯ ಬಗ್ಗೆ ಮಾತ್ರ ಇನ್ನೊಮ್ಮೆ ಯೋಚಿಸಬೇಕಿತ್ತು. ಅಲ್ಲಿ ಬುಟ್ಟಿಯಿಂದ ಸಕ್ಕರೆ ತೆಗೆಯಲು ಹೆಣಗುತ್ತಿದ್ದಾರೆ, ಇಲ್ಲಿ ನಾವೇ ಚೀಲಕ್ಕೆ ಹಾಕುತ್ತಿದ್ದೇವೆ! ಆ ಜಾಗದಲ್ಲಿ ಒಂದಿಷ್ಟು ಕಡಲೆಕಾಯಿ, ಹುರುಳಿ ಅಥವಾ ಹೆಸರುಕಾಳು ಇದ್ದರೆ ಮಕ್ಕಳ ಮೈಗೆ ಹತ್ತುತ್ತದೆ.

ಕೊನೆಯದಾಗಿ ಒಂದು ಮಾತು. ಬಡವರ ಬುಟ್ಟಿಗೆ ಇಣುಕುವ ಮೊದಲು ನಿಮ್ಮ ಫ್ರಿಜ್ಜಿನ ಬಾಗಿಲು ತೆರೆದು ನೋಡಿ. ಅಲ್ಲಿರುವ ಬಾಟಲಿಗೆ ಯಾವ ಕಾಯಿದೆಯೂ ಅಡ್ಡ ಬರುವುದಿಲ್ಲ, ನೀವೇ ಬರಬೇಕು. ಮಕ್ಕಳಿಗೆ ಬಾಯಾರಿದರೆ ನೀರು, ಮಜ್ಜಿಗೆ, ಎಳನೀರು ಕೊಡಿ. ಸಂಜೆಯ ಹಸಿವಿಗೆ ಸೀಬೆಹಣ್ಣು, ಪರಂಗಿ, ಬಾಳೆಹಣ್ಣು ಇರಲಿ. ಮನೆಗೆಲಸಕ್ಕೆ ಬರುವಾಕೆಯ ಮಗುವಿಗೆ ಏನಾದರೂ ಕೊಡಬೇಕೆನಿಸಿದಾಗ ಮಿಕ್ಕ ಬೇಕರಿ ತಿನಿಸಿಗೆ ಕೈಹಾಕಬೇಡಿ. ನಿಮ್ಮ ಮಗುವಿಗೆ ಕೊಡುವ ಹಣ್ಣಿನಲ್ಲೇ ಒಂದನ್ನು ಕೊಡಿ.