ಕೆಲಸ ರಾಶಿ ಇದೆ, ಹುದ್ದೆ ಎಲ್ಲಿದೆ?

ಪಿಯುಸಿ ರಿಸಲ್ಟ್ ಬಂತು ಅಂದರೆ ನಮ್ಮ ಊರುಗಳಲ್ಲಿ ಎರಡೇ ಪ್ರಶ್ನೆ. ನೀಟ್‌ನಲ್ಲಿ ಎಷ್ಟು ಬಂತು? ಸಿಇಟಿ ರ‍್ಯಾಂಕ್ ಎಷ್ಟು? ಸಿರಿಗೆರೆಯನ್ನೇ ತಗೊಳ್ಳಿ. ಚಿತ್ರದುರ್ಗ ತಾಲ್ಲೂಕಿನ ಒಂದು ಹಳ್ಳಿ. ಆದರೆ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆ ಅಲ್ಲೇ ಬೇರು ಬಿಟ್ಟಿರೋದರಿಂದ ಮೆಕ್ಕೆಜೋಳ, ಈರುಳ್ಳಿ ಬೆಳೆಯೋ ರೈತರ ಮಕ್ಕಳು ಅಲ್ಲಿ ಸೈನ್ಸ್ ಓದಿ ಹೊರಗೆ ಬರ್ತಾರೆ. ಎಲ್ಲರಿಗೂ ಡಾಕ್ಟರ್ ಸೀಟು ಸಿಗುತ್ತಾ? ಇಲ್ಲ. ಸಿಗದವರ ಮನೆಗೆ ಯಾರೋ ಒಬ್ಬರು ಬಂದು ಹೇಳ್ತಾರೆ: "ಆಕ್ಯುಪೇಷನಲ್ ಥೆರಪಿ ಅಂತ ಒಂದು ಕೋರ್ಸ್ ಇದೆ ಕಣಪ್ಪ, ಫಾರಿನ್‌ನಲ್ಲಿ ಲಕ್ಷ ಲಕ್ಷ ಸಂಬಳ." ಅಪ್ಪ ಕೇಳ್ತಾನೆ: "ಅದೇನು, ಕೆಲಸ ಕೊಡಿಸೋ ಕೋರ್ಸಾ?"

ಆ ಅಪ್ಪನ ತಪ್ಪಿಲ್ಲ, ವೀಕ್ಷಕರೇ. ಹೆಸರೇ ಹಾಗಿದೆ. ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಅಂತ ಅನುವಾದ ಮಾಡಿದರೆ ಇನ್ನೂ ಗೊಂದಲ. ಇಲ್ಲಿ 'ಆಕ್ಯುಪೇಷನ್' ಅಂದರೆ ನೌಕರಿ ಅಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರದ ಮಾತಿದೆ: ಕಾಯಕ. ಮನುಷ್ಯ ಬೆಳಿಗ್ಗೆ ಎದ್ದಾಗಿನಿಂದ ಮಲಗೋವರೆಗೆ ಮಾಡೋ ಕೆಲಸಗಳು. ಹಲ್ಲುಜ್ಜೋದು, ಸ್ನಾನ, ಗುಂಡಿ ಹಾಕಿಕೊಳ್ಳೋದು, ಸೀರೆ ನೆರಿಗೆ ಹಿಡಿಯೋದು, ಮುದ್ದೆ ಮುರಿಯೋದು, ಹಾಲು ಕರೆಯೋದು, ಮಗುವಾದರೆ ಪೆನ್ಸಿಲ್ ಹಿಡಿಯೋದು. ಕಾಯಿಲೆಯಿಂದಲೋ, ಅಪಘಾತದಿಂದಲೋ, ಹುಟ್ಟಿನಿಂದಲೋ ಈ ಕೆಲಸಗಳು ಕೈಲಾಗದೇ ಹೋದವರಿಗೆ ಅವನ್ನು ಮತ್ತೆ ಮಾಡಿಕೊಳ್ಳೋ ದಾರಿ ಕಲಿಸೋದೇ ಈ ವಿದ್ಯೆ.

ಹಾಗಾದರೆ ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ? ಲಕ್ವ ಹೊಡೆದ ರೈತನೊಬ್ಬ ಇದ್ದಾನೆ ಅಂದುಕೊಳ್ಳಿ. ಬಿದ್ದ ಕೈಗೆ ಬಲ ಬರಿಸೋದು, ಕೀಲು ಬಿಗಿಯದಂತೆ ನೋಡಿಕೊಳ್ಳೋದು ಮುಖ್ಯವಾಗಿ ಫಿಸಿಯೋಥೆರಪಿ. ಆ ಕೈಯಿಂದ ತಟ್ಟೆಗೆ ಕೈ ಹಾಕಿ ಊಟ ಮಾಡಿಸೋದು, ಒಂದೇ ಕೈಯಲ್ಲಿ ಪಂಚೆ ಉಟ್ಟುಕೊಳ್ಳೋ ಉಪಾಯ ಹೇಳಿಕೊಡೋದು, ಬಚ್ಚಲಿನಲ್ಲಿ ಜಾರದ ಹಾಗೆ ಎಲ್ಲಿ ಹಿಡಿಕೆ ಹಾಕಬೇಕು ಅಂತ ಮನೆಗೆ ಬಂದು ನೋಡೋದು ಆಕ್ಯುಪೇಷನಲ್ ಥೆರಪಿ. ಕೈ ಮೇಲೆದ್ದರೆ ಸಾಲದು, ತುತ್ತು ಬಾಯಿಗೆ ಹೋಗಬೇಕು.

ಇದೇನು ಹೊಸ ವಿದ್ಯೆ ಅಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಇದರ ಶಾಲೆ ಶುರು ಮಾಡಿದರು. 1952ರಲ್ಲಿ ಈ ವೃತ್ತಿಯ ವಿಶ್ವ ಒಕ್ಕೂಟ ಕಟ್ಟಿದ ದೇಶಗಳಲ್ಲಿ ಭಾರತವೂ ಒಂದು. ಇಷ್ಟೆಲ್ಲಾ ಹಳೇ ವಿದ್ಯೆಯ ಹೆಸರು ಇವತ್ತಿಗೂ ಸಿರಿಗೆರೆಗೆ ತಲುಪಿಲ್ಲ ಅಂದರೆ ಏನರ್ಥ?

ಈಗ ನೀವು ಕಾಯ್ತಿರೋ ವಿಷಯಕ್ಕೆ ಬರ್ತೀನಿ. ಸಂಬಳ ಎಷ್ಟು?

ಮೊದಲು ದೂರದ ಬೆಟ್ಟ. ಅಮೆರಿಕದ ಕಾರ್ಮಿಕ ಇಲಾಖೆಯ 2023ರ ಲೆಕ್ಕದಲ್ಲಿ ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಮಧ್ಯಮ ವಾರ್ಷಿಕ ವೇತನ 96,370 ಡಾಲರ್. ನಮ್ಮ ರೂಪಾಯಿಯಲ್ಲಿ ಸುಮಾರು 80 ಲಕ್ಷ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2024-25ರಲ್ಲಿ ಹೊಸಬರ ಆರಂಭದ ಸಂಬಳ ವರ್ಷಕ್ಕೆ 29,970 ಪೌಂಡ್. ಕಣ್ಣು ಕುಕ್ಕುತ್ತೆ, ನಿಜ. ಆದರೆ ಬೆಟ್ಟ ಹತ್ತೋ ದಾರಿನೂ ಕೇಳಿ. ಅಮೆರಿಕದಲ್ಲಿ ಸ್ನಾತಕೋತ್ತರ ಮಟ್ಟದ ಅರ್ಹತೆ ತೋರಿಸಬೇಕು, ರಾಷ್ಟ್ರಮಟ್ಟದ ಪರೀಕ್ಷೆ ಬರೀಬೇಕು, ಆಮೇಲೆ ರಾಜ್ಯದ ಲೈಸೆನ್ಸ್, ವೀಸಾ. ಅಲ್ಲಿನ ಮನೆ ಬಾಡಿಗೆ, ತೆರಿಗೆಯನ್ನ ಆ 80 ಲಕ್ಷದಿಂದಲೇ ಕಟ್ಟಬೇಕು. ಕೋರ್ಸ್ ಮಾರೋಕೆ ಬಂದವರು ಈ ಅರ್ಧ ಕಥೆ ಹೇಳೋದಿಲ್ಲ.

ಎರಡನೆಯದು ನಮ್ಮ ಕೇಂದ್ರ ಸರ್ಕಾರ. ಏಮ್ಸ್‌ನಂಥ ಸಂಸ್ಥೆಗಳಲ್ಲಿ ಈ ಹುದ್ದೆಗೆ ಏಳನೇ ವೇತನ ಆಯೋಗದ ಲೆವೆಲ್ 6. ಮೂಲ ವೇತನ ಶುರುವಾಗೋದೇ 35,400 ರೂಪಾಯಿಗೆ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಗೌರವದ ಸಂಬಳ. ಆದರೆ ಹುದ್ದೆಗಳು ಬೆರಳೆಣಿಕೆ.

ಮೂರನೆಯದು ಖಾಸಗಿ. ಬೆಂಗಳೂರಿನಲ್ಲಿ ನಾಲ್ಕೂವರೆ ವರ್ಷ ಓದಿ ಬಂದ ಹೊಸಬರಿಗೆ ಸಾಮಾನ್ಯವಾಗಿ ತಿಂಗಳಿಗೆ 20ರಿಂದ 30 ಸಾವಿರದ ಆಸುಪಾಸು. ಆಟಿಸಂ, ಮಕ್ಕಳ ಬೆಳವಣಿಗೆ ಕುಂಠಿತ, ಕೈ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ, ಇಂಥದರಲ್ಲಿ ಅನುಭವ ಬಂದ ಮೇಲೆ ಸ್ವಂತ ಕ್ಲಿನಿಕ್ ಹಾಕಿದವರ ಆದಾಯ ಏರುತ್ತೆ. ಯಾಕಂದರೆ ಅಲ್ಲಿ ಮುಕ್ಕಾಲು ಗಂಟೆಯ ಒಂದು ಸೆಷನ್‌ಗೆ 500ರಿಂದ 1,000 ರೂಪಾಯಿ, ಕೆಲವು ಕಡೆ ಇನ್ನೂ ಜಾಸ್ತಿ.

ಇಲ್ಲೇ ಇರೋದು ಗುಟ್ಟು. ಈ ವೃತ್ತಿಯಲ್ಲಿ ಸಂಬಳ ನಿರ್ಧಾರ ಮಾಡೋದು ಓದಲ್ಲ. ಬಿಲ್ ಯಾರು ಕಟ್ತಾರೆ ಅನ್ನೋದು. ಅಮೆರಿಕದಲ್ಲಿ ಹೆಚ್ಚಾಗಿ ವಿಮೆ ಕಟ್ಟುತ್ತೆ. ಬ್ರಿಟನ್ನಿನಲ್ಲಿ ಸರ್ಕಾರ ಕಟ್ಟುತ್ತೆ. ಬೆಂಗಳೂರಿನಲ್ಲಿ ಐಟಿ ಕಂಪನಿಯ ಅಪ್ಪ-ಅಮ್ಮ ಕಟ್ಟುತ್ತಾರೆ. ಸಿರಿಗೆರೆಯಲ್ಲಿ?

ಸಿರಿಗೆರೆ ಸುತ್ತಮುತ್ತ ಈ ವಿದ್ಯೆಗೆ ಕೆಲಸ ಇಲ್ವಾ? ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48. ಬೈಕ್ ಅಪಘಾತದಲ್ಲಿ ತಲೆಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರು ಆಸ್ಪತ್ರೆಯಿಂದ ಬದುಕಿ ಬರ್ತಾರೆ, ಆದರೆ ಮಂಚ ಬಿಟ್ಟು ಏಳಲ್ಲ. ಸುಗ್ಗಿ ಬಂದರೆ ಒಕ್ಕಣೆ ಯಂತ್ರಕ್ಕೆ ಬೆರಳು ಕೊಟ್ಟ ಕೂಲಿಯವರು. ಲಕ್ವ ಹೊಡೆದ ಅಜ್ಜ-ಅಜ್ಜಿಯರು. ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷದ 24 ಸಾವಿರ ಅಂಗವಿಕಲರು. ಆಗ ಕಾನೂನು ಗುರುತಿಸಿದ್ದ ಅಂಗವೈಕಲ್ಯಗಳು 7. 2016ರ ಹೊಸ ಕಾಯ್ದೆ ಗುರುತಿಸೋದು 21. ಹಾಗಾದರೆ ನಿಜವಾದ ಸಂಖ್ಯೆ ಎಷ್ಟಿರಬಹುದು, ನೀವೇ ಊಹಿಸಿ.

ಅಂಥ ಒಂದು ಮಗುವಿಗೆ ವಾರಕ್ಕೆ ಎರಡು ಸೆಷನ್ ಬೇಕು ಅಂದುಕೊಳ್ಳಿ. ಸೆಷನ್‌ಗೆ 700 ರೂಪಾಯಿ ಹಿಡಿದರೂ ತಿಂಗಳಿಗೆ 5,600. ಬೆಂಗಳೂರು 200 ಕಿಲೋಮೀಟರ್‌ಗೂ ದೂರ. ಬಸ್ ಚಾರ್ಜು, ಆ ದಿನದ ಕೂಲಿ ನಷ್ಟ ಬೇರೆ. ಯಾವ ತಾಯಿ ಎಷ್ಟು ತಿಂಗಳು ಓಡಾಡ್ತಾಳೆ ಹೇಳಿ? ಎರಡು ಸಲ ಹೋಗಿ ಮೂರನೇ ಸಲ ಸುಮ್ಮನಾಗ್ತಾಳೆ. "ನಮ್ಮ ಹಣೆಬರಹ" ಅಂತಾಳೆ. ಹಣೆಬರಹ ಅಲ್ಲಮ್ಮ ಅದು. ಸರ್ಕಾರ ಸೃಷ್ಟಿಸದ ಹುದ್ದೆ ಅದು.

ಹಾಗಂತ ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಅದೂ ಅನ್ಯಾಯ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾವ ಮಗು ಮೂಲೆಯಲ್ಲಿ ಕೂತಿದೆ ಅನ್ನೋದು ಅವರಿಗೆ ಗೊತ್ತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಹೋಗಿ ಮಕ್ಕಳನ್ನ ತಪಾಸಣೆ ಮಾಡುತ್ತೆ. ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರೋರಿಗೆ ಒಂದು ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚೂ ಒಂದು ಮಿತಿಯೊಳಗೆ ಅದರಲ್ಲಿ ಸೇರುತ್ತೆ. ಅಂದರೆ ಹುಡುಕೋರು ಇದ್ದಾರೆ, ಗುರುತಿಸೋರು ಇದ್ದಾರೆ, ಸ್ವಲ್ಪ ದುಡ್ಡೂ ಇದೆ. ಗುರುತಿಸಿದ ಮೇಲೆ ಕಳಿಸೋದು ಎಲ್ಲಿಗೆ? ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ನೋಡಿ. ಎಕ್ಸ್‌ರೇ ಕೋಣೆಯ ಬೋರ್ಡ್ ಕಾಣುತ್ತೆ, ಲ್ಯಾಬ್ ಬೋರ್ಡ್ ಕಾಣುತ್ತೆ. ಆಕ್ಯುಪೇಷನಲ್ ಥೆರಪಿ ಅನ್ನೋ ಬೋರ್ಡ್ ಕಾಣೋದು ಅಪರೂಪ.

ದುಡ್ಡಿಲ್ಲ ಅಂತೀರಾ? ಒಂದು ಸಣ್ಣ ಲೆಕ್ಕ ಹಾಕೋಣ. ಕೇಂದ್ರದ ಆ 35,400 ಮೂಲ ವೇತನಕ್ಕೆ ಭತ್ಯೆ ಎಲ್ಲ ಸೇರಿಸಿ ತಿಂಗಳಿಗೆ 60 ಸಾವಿರ ಅಂತ ಇಟ್ಟುಕೊಳ್ಳಿ. ಚಿತ್ರದುರ್ಗ ಜಿಲ್ಲೆಯಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಸೇರಿ ಆರು ತಾಲ್ಲೂಕು. ತಾಲ್ಲೂಕಿಗೊಬ್ಬರು ಅಂದರೆ ಆರು ಜನ. ವರ್ಷಕ್ಕೆ 43 ಲಕ್ಷ 20 ಸಾವಿರ ರೂಪಾಯಿ. ಇಡೀ ಜಿಲ್ಲೆಗೆ! ಒಂದು ಜಿಲ್ಲೆಯ ಬಜೆಟ್‌ನಲ್ಲಿ ಇದು ಯಾವ ಮೂಲೆಗೆ ಸ್ವಾಮಿ?

2016ರ ಕಾಯ್ದೆಯ 27ನೇ ಸೆಕ್ಷನ್ ಪುನರ್ವಸತಿ ಸೇವೆ ಕೊಡಬೇಕು ಅಂತಲೇ ಹೇಳುತ್ತೆ. ಆದರೆ ಜೊತೆಗೆ ಒಂದು ಮಾತು ಸೇರಿಸಿದ್ದಾರೆ: ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಕಾನೂನಿನಲ್ಲಿ ಬಿಟ್ಟ ಆ ಸಣ್ಣ ಕಿಂಡಿಯಲ್ಲೇ ನಮ್ಮ ಮಕ್ಕಳ ಹಕ್ಕು ಜಾರಿ ಹೋಗ್ತಾ ಇರೋದು.

ಇನ್ನು ಈ ಕೋರ್ಸ್ ಬಗ್ಗೆ ಯೋಚಿಸ್ತಿರೋ ಮಕ್ಕಳಿಗೆ ಮೂರು ಮಾತು. ಒಂದು, 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಅದರಲ್ಲಿ ಆಕ್ಯುಪೇಷನಲ್ ಥೆರಪಿಗೆ ಅದರದೇ ಪ್ರತ್ಯೇಕ ವರ್ಗ ಇದೆ, ನೋಂದಣಿ ಇದೆ. ಅದಕ್ಕೇ ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಕಾಗದ ನೋಡಿ, ಆಮೇಲೆ ಫೀಸು ಕಟ್ಟಿ. ಎರಡು, ಆ ಕಾಲೇಜಿಗೆ ರೋಗಿಗಳು ತುಂಬಿರೋ ಸ್ವಂತ ಆಸ್ಪತ್ರೆ ಇದೆಯಾ ಕೇಳಿ. ಈ ವಿದ್ಯೆ ಪುಸ್ತಕದಿಂದ ಬರಲ್ಲ, ಕೈ ಹಿಡಿದು ಕಲೀಬೇಕು. ಮೂರು, ಮೊದಲ ನಾಲ್ಕೈದು ವರ್ಷ ಸಂಬಳ ಕಡಿಮೆ ಅನ್ನೋದನ್ನ ಈಗಲೇ ಒಪ್ಪಿಕೊಳ್ಳಿ. ಸಾಲ ಮಾಡಿ ಓದೋರಂತೂ ಕಂತು ಎಷ್ಟು, ಆರಂಭದ ಸಂಬಳ ಎಷ್ಟು ಅನ್ನೋದನ್ನ ಒಂದೇ ಹಾಳೆಯಲ್ಲಿ ಬರೆದು ನೋಡಿ. ತಾಳ್ಮೆ ಇದ್ದರೆ, ಮನುಷ್ಯರ ಮೇಲೆ ಪ್ರೀತಿ ಇದ್ದರೆ, ಕೈ ಬಿಡದ ವೃತ್ತಿ ಇದು.

ಆಮೇಲೆ ನಮ್ಮ ಆರೋಗ್ಯ ಸಚಿವರಿಗೆ ಒಂದೇ ಮಾತು. ಸಿರಿಗೆರೆ ಕಡೆಯ ಹುಡುಗಿಯೊಬ್ಬಳು ಇದನ್ನ ಓದಿ ಬಂದಳು ಅಂತ ಇಟ್ಟುಕೊಳ್ಳಿ. ಲಂಡನ್ನಿನಲ್ಲಿ ಅವಳಿಗೆ ಕುರ್ಚಿ ಇದೆ. ಬೆಂಗಳೂರಲ್ಲಿ ಇದೆ. ಅವಳ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರ ಇಲ್ಲ. ಆಗ ಅವಳು ವಿಮಾನ ಹತ್ತಿದರೆ ಪ್ರತಿಭಾ ಪಲಾಯನ ಅಂತ ಭಾಷಣ ಮಾಡಬೇಡಿ. ಆ ಆರು ಹುದ್ದೆಗಳ ಕಡತಕ್ಕೆ ಸಹಿ ಹಾಕಿ.